ಎಲ್ಲರ ಮಾಡು, ಯಾರ ಹೊಣೆ?

2025ರ ನವೆಂಬರ್ 26ರಂದು ಹಾಂಗ್‌ಕಾಂಗಿನ ತಾಯ್ ಪೋ ಎಂಬಲ್ಲಿಯ ವಾಂಗ್ ಫುಕ್ ಕೋರ್ಟ್ ವಸತಿ ಸಮುಚ್ಚಯಕ್ಕೆ ಬೆಂಕಿ ಹಿಡಿದು ನೂರೈವತ್ತಕ್ಕೂ ಮಿಕ್ಕಿ ಜನರು ಮೃತರಾದ ವಾರ್ತೆ ವಾಚಕರ ನೆನಪಿನಿಂದ ಮಾಸಿರಲಾರದು. ಅಲ್ಲಿಯ ಎಂಟು ಬಹುಮಹಡಿ ಕಟ್ಟಡಗಳ ಪೈಕಿ ಏಳನ್ನು ಬೆಂಕಿ ಆವರಿಸಿತು. ಅದಕ್ಕೂ ನಾಲ್ಕು ವರ್ಷಗಳಿಗೆ ಮೊದಲು, 2021ರ ಜೂನ್ 24ರಂದು ನಡುರಾತ್ರಿ ಕಳೆದ ಮೇಲೆ, ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಫ್‌ಸೈಡ್ ಎಂಬ ಸಣ್ಣ ಕಡಲತೀರದ ಪಟ್ಟಣದಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಗಳ ಕಟ್ಟಡದ ಒಂದು ದೊಡ್ಡ ಭಾಗ ನಿದ್ದೆಯಲ್ಲಿದ್ದ ಜನರ ಸಮೇತ ಕುಸಿದು ಬಿದ್ದಿತ್ತು. ಅಲ್ಲಿ ಸತ್ತವರು 98 ಮಂದಿ.

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಒಂದು ಬೆಂಕಿ, ಇನ್ನೊಂದು ಕುಸಿತ. ಒಂದು ಕಡೆ ರಿಪೇರಿಯನ್ನು ವರ್ಷಗಟ್ಟಲೆ ಮುಂದೂಡಿದರು. ಇನ್ನೊಂದು ಕಡೆ ರಿಪೇರಿ ನಡೆಯುತ್ತಿದ್ದಾಗಲೇ ಅನಾಹುತವಾಯಿತು. ಆದರೆ ಎರಡು ಕಟ್ಟಡಗಳೂ 1980ರ ದಶಕದ ಆರಂಭದಲ್ಲಿ ಎದ್ದವು. ಎರಡರಲ್ಲಿಯೂ ಮನೆಗಳ ಒಡೆಯರು ಅಲ್ಲಿನ ನಿವಾಸಿಗಳೇ. ಎರಡು ಕಡೆಯೂ ದುರಂತಕ್ಕೆ ಮೊದಲಿನ ಕೆಲವು ವರ್ಷಗಳು ಒಂದೇ ವಿಷಯದ ಜಗಳದಲ್ಲಿ ಕಳೆದಿದ್ದವು: ಎಲ್ಲರಿಗೂ ಸೇರಿದ ಭಾಗವನ್ನು ಸರಿಪಡಿಸಲು ಯಾರು ಎಷ್ಟು ಹಣ ಕೊಡಬೇಕು, ಆ ಹಣವನ್ನು ಯಾರ ಕೈಗೆ ಕೊಡಬೇಕು?

ಅಮೆರಿಕದವರು ಕಂಡೊಮಿನಿಯಂ ಎಂದೂ ನಾವು ಫ್ಲಾಟು ಎಂದೂ ಕರೆಯುವ ಈ ವ್ಯವಸ್ಥೆಯಲ್ಲಿ ಕೊಂಡವನಿಗೆ ಸ್ವಂತವಾಗಿ ದೊರೆಯುವುದು ಗೋಡೆಗಳ ನಡುವಣ ಜಾಗ ಮಾತ್ರ. ಕಂಬ, ತೊಲೆ, ಚಪ್ಪಡಿ, ಮೆಟ್ಟಿಲು, ಲಿಫ್ಟು, ನೀರಿನ ಟಾಂಕಿ, ಮೇಲಿನ ತಾರಸಿ, ಕೆಳಗೆ ಕಾರು ನಿಲ್ಲಿಸುವ ಜಾಗ ಇವೆಲ್ಲವೂ ಎಲ್ಲರ ಸೊತ್ತು. ಅದನ್ನು ನೋಡಿಕೊಳ್ಳಲು ನಿವಾಸಿಗಳದ್ದೇ ಒಂದು ಸಂಘ, ಅದಕ್ಕೊಂದು ಕಮಿಟಿ, ತಿಂಗಳಿಗಿಷ್ಟು ಎಂದು ವಂತಿಗೆ, ವರ್ಷಕ್ಕೊಂದು ಮಹಾಸಭೆ. ಕಮಿಟಿಯಲ್ಲಿರುವವರು ಹೆಚ್ಚಾಗಿ ಸಂಬಳವಿಲ್ಲದೆ ದುಡಿಯುವ ನಿವೃತ್ತರು. ಪಂಚಾಯತಿಗಿಂತಲೂ ಸಣ್ಣ ಸರಕಾರ ಇದು. ಆದರೆ ತಲೆಯ ಮೇಲಿನ ಚಪ್ಪಡಿ ನಿಲ್ಲುವುದೋ ಬೀಳುವುದೋ ಎಂಬುದು ಈ ಸರಕಾರದ ಕಾರ್ಯಕಲಾಪದಲ್ಲಿ ಒಂದು ವಿಷಯವಾಗಿ ಬರುತ್ತದೆ. ನಾಯಿ ಸಾಕಬಹುದೇ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಹುದೇ ಎಂಬ ವಿಷಯಗಳ ನಡುವೆ ಅದೂ ಒಂದು.

ನಮ್ಮ ಹಿಂದಿನ ಕೂಡುಕುಟುಂಬಗಳಲ್ಲಿಯೂ ಮಾಡು ಎಲ್ಲರದಾಗಿತ್ತು. ಆದರೆ ಅಲ್ಲಿ ಯಜಮಾನನೊಬ್ಬನಿದ್ದ. ಜಗಳ ತೀರದಿದ್ದರೆ ಪಾಲುಪಟ್ಟಿ ಮಾಡಿಕೊಂಡು ಬೇರೆ ಮನೆ ಕಟ್ಟುವ ದಾರಿಯಿತ್ತು. ಫ್ಲಾಟಿನಲ್ಲಿ ಅದು ಸಾಧ್ಯವಿಲ್ಲ. ಕಂಬವನ್ನು ಪಾಲು ಮಾಡುವುದು ಹೇಗೆ?

ಸರ್ಫ್‌ಸೈಡಿನಲ್ಲಿ ನಡೆದದ್ದು

ಚಾಂಪ್ಲೇನ್ ಟವರ್ಸ್ ಸೌತ್ 1981ರಲ್ಲಿ ಸಮುದ್ರಕ್ಕೆ ಮುಖ ಮಾಡಿ ಕಟ್ಟಿದ ಕಟ್ಟಡ. ಒಟ್ಟು 136 ಮನೆಗಳು. ಕ್ಯೂಬಾ, ಕೊಲಂಬಿಯಾ, ಅರ್ಜೆಂಟೀನಾ, ವೆನೆಜುವೆಲಾ ಮೂಲದವರು, ಯೆಹೂದ್ಯ ಕುಟುಂಬಗಳು, ನಿವೃತ್ತ ದಂಪತಿಗಳು, ಚಳಿಗಾಲಕ್ಕೆ ಮಾತ್ರ ಬಂದುಹೋಗುವವರು, ಬಾಡಿಗೆಗೆ ಇದ್ದವರು, ಹೀಗೆ ನಾನಾ ಬಗೆಯ ಜನ. ಲಿಫ್ಟಿನಲ್ಲಿ ಇಂಗ್ಲಿಷು, ಮನೆಯೊಳಗೆ ಸ್ಪ್ಯಾನಿಷ್ ಅಥವಾ ಹೀಬ್ರೂ. ಹಗಲು ಈಜುಕೊಳದ ಬದಿಯಲ್ಲಿ ಕುಶಲಪ್ರಶ್ನೆ. ಒಬ್ಬರನ್ನೊಬ್ಬರು ಮುಖದಿಂದ ಬಲ್ಲರು, ಹೆಸರಿನಿಂದ ಎಲ್ಲರೂ ಬಲ್ಲರೆಂದಲ್ಲ.

ಈ ಈಜುಕೊಳದ ಸುತ್ತಲಿನ ನೆಲವೇ ಕೆಳಗಿನ ಕಾರುಗಳ ತಾಣಕ್ಕೆ ಮಾಡು. ಮಳೆಯ ನೀರು ಇಳಿದು ಹೋಗುವಂತೆ ಅದನ್ನು ಓರೆಯಾಗಿ ಕಟ್ಟಬೇಕಿತ್ತು; ಕಟ್ಟಿದ್ದು ಸಮತಟ್ಟಾಗಿ. ನೀರು ನಿಂತಿತು, ಇಂಗಿತು, ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಸುತ್ತಲಿನ ಕಾಂಕ್ರೀಟು ಬಿರಿದು ಹೊಪ್ಪಳಿಕೆಯಾಗಿ ಉದುರುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಈ ಕ್ರಿಯೆ ಇನ್ನೂ ಬೇಗ. ಕಡಲತಡಿಯಲ್ಲಿ ಮನೆಯಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ; ಕಿಟಕಿಯ ಸರಳುಗಳ ಗತಿಯೇನಾಗುತ್ತದೆಂದು ಎಲ್ಲರೂ ಕಂಡಿದ್ದೇವೆ.

2018ರ ಅಕ್ಟೋಬರಿನಲ್ಲಿ, ಸಂಘವೇ ನೇಮಿಸಿದ ಎಂಜಿನಿಯರು ಈ ದೋಷವನ್ನು ಬರೆದುಕೊಟ್ಟರು. ನೀರುತಡೆಯ ಪದರ ಕೆಟ್ಟಿದೆ, ಅದರ ಕೆಳಗಿನ ಚಪ್ಪಡಿಗೆ ಹಾನಿಯಾಗಿದೆ, ಬೇಗನೆ ಸರಿಪಡಿಸದಿದ್ದರೆ ಹಾನಿ ಬಹಳ ವೇಗವಾಗಿ ಹಬ್ಬುತ್ತದೆ ಎಂಬುದು ವರದಿಯ ಸಾರ. ಕಟ್ಟಡ ಬಿದ್ದೀತೆಂದು ಅವರು ಬರೆದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರಿಪೇರಿಗೆ ಅಂದಾಜಿಸಿದ ವೆಚ್ಚ 91 ಲಕ್ಷ ಡಾಲರಿಗೂ ಮಿಕ್ಕಿ. ಮರುತಿಂಗಳು ನಡೆದ ಸಭೆಗೆ ಬಂದ ಪಟ್ಟಣದ ಕಟ್ಟಡಾಧಿಕಾರಿ, ಕಟ್ಟಡ ಒಳ್ಳೆಯ ಸ್ಥಿತಿಯಲ್ಲಿದೆ ಎಂಬರ್ಥದ ಮಾತನಾಡಿದರೆಂದು ಆ ಸಭೆಯ ನಡವಳಿಯಲ್ಲಿ ದಾಖಲಾಗಿದೆ. ಎಂಜಿನಿಯರ ವರದಿ ಒಂದು ಕಡೆ, ಅಧಿಕಾರಿಯ ಮಾತು ಇನ್ನೊಂದು ಕಡೆ. ಕೈಯಿಂದ ಹಣ ಹೋಗಬೇಕಾದವನು ಯಾವುದನ್ನು ನಂಬಲು ಇಷ್ಟಪಟ್ಟಾನೆಂದು ಊಹಿಸುವುದು ಕಷ್ಟವಲ್ಲ.

2019ರಲ್ಲಿ ಕಮಿಟಿಯ ಏಳು ಸದಸ್ಯರ ಪೈಕಿ ಐವರು ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟರು. ಹೊಸ ಕಮಿಟಿ, ಹೊಸ ಚರ್ಚೆ, ಹೊಸ ಅಂದಾಜು. ಸಂಘದ ಮೀಸಲು ನಿಧಿಯಲ್ಲಿದ್ದದ್ದು ಅಗತ್ಯದ ಹತ್ತನೆಯ ಒಂದು ಪಾಲೂ ಅಲ್ಲ. ಫ್ಲಾರಿಡಾದ ಅಂದಿನ ಕಾನೂನಿನಲ್ಲಿ ಮೀಸಲು ನಿಧಿಗೆ ಹಣ ಕೂಡಿಡುವುದನ್ನು ಬಹುಮತದಿಂದ ಬಿಟ್ಟುಬಿಡಲು ಅವಕಾಶವಿತ್ತು. ವರ್ಷದಿಂದ ವರ್ಷಕ್ಕೆ ತಿಂಗಳ ವಂತಿಗೆಯನ್ನು ಕಡಿಮೆ ಇಡುವುದೇ ಒಳ್ಳೆಯ ಕಮಿಟಿಯ ಲಕ್ಷಣವೆಂದು ಆ ರಾಜ್ಯದ ಎಷ್ಟೋ ಕಟ್ಟಡಗಳ ಜನ ತಿಳಿದಿದ್ದರು.

2021ರ ಏಪ್ರಿಲ್ ಹೊತ್ತಿಗೆ ವೆಚ್ಚದ ಅಂದಾಜು 1 ಕೋಟಿ 50 ಲಕ್ಷ ಡಾಲರಿಗೆ ಏರಿತು. ಕಮಿಟಿಯ ಅಧ್ಯಕ್ಷೆ ನಿವಾಸಿಗಳಿಗೆ ದೀರ್ಘವಾದ ಪತ್ರ ಬರೆದು, 2018ರ ಬಳಿಕ ಹಾನಿ ಬಹಳ ಹೆಚ್ಚಿದೆಯೆಂದೂ, ಈ ಕೆಲಸದ ಬಹುಪಾಲನ್ನು ಹಿಂದಿನ ವರ್ಷಗಳಲ್ಲಿಯೇ ಮಾಡಬಹುದಿತ್ತೆಂದೂ ತಿಳಿಸಿದರು. ಒಂದು ಮಲಗುವ ಕೋಣೆಯ ಮನೆಯವರ ಪಾಲಿಗೆ ಬಂದದ್ದು 80,190 ಡಾಲರ್, ಎಂದರೆ ಆಗಿನ ದರದಲ್ಲಿ ಸುಮಾರು 60 ಲಕ್ಷ ರೂಪಾಯಿ. ಎಲ್ಲಕ್ಕಿಂತ ಮೇಲಿನ ದೊಡ್ಡ ಮನೆಯವರ ಪಾಲು 3,36,135 ಡಾಲರ್. ಪೂರ್ತಿ ಹಣ ಕೊಡಬಹುದು ಅಥವಾ 15 ವರ್ಷಗಳ ಕಂತಿನಲ್ಲಿ ತೀರಿಸಬಹುದು. ಪಾವತಿಗೆ ಗೊತ್ತುಪಡಿಸಿದ ದಿನ ಜುಲೈ 1.

ಕಟ್ಟಡ ಬಿದ್ದದ್ದು ಅದಕ್ಕೆ ಒಂದು ವಾರ ಮೊದಲು.

ಆ ರಾತ್ರಿ ಮೊದಲು ಕುಸಿದದ್ದು ಈಜುಕೊಳದ ಸುತ್ತಲಿನ ನೆಲ. ಆಮೇಲೆ ಕೆಲವು ನಿಮಿಷಗಳ ಅಂತರವಿತ್ತು. ಕೆಳಗಿನ ಮನೆಯ ಕೆಲವರು ಸದ್ದು ಕೇಳಿ ಹೊರಗೆ ಓಡಿ ಬದುಕಿಕೊಂಡರು. ಮೇಲಿನ ಮಹಡಿಯ ಒಬ್ಬಾಕೆ ದೂರದಲ್ಲಿದ್ದ ಗಂಡನಿಗೆ ಫೋನು ಮಾಡಿ ಈಜುಕೊಳದ ಬಳಿ ನೆಲ ಕುಸಿದಿದೆಯೆಂದು ಹೇಳುತ್ತಿದ್ದಂತೆ ಫೋನು ನಿಂತುಹೋಯಿತು. ಎಲ್ಲ ಮನೆಗಳಿಗೂ ಒಮ್ಮೆಲೇ ಎಚ್ಚರಿಕೆ ಕೊಡುವ ಒಂದು ಗುಂಡಿ ಕೆಳಗಿನ ಕಾವಲುಗಾರರ ಮೇಜಿನಲ್ಲಿತ್ತು; ಅದನ್ನು ಯಾರೂ ಒತ್ತಲಿಲ್ಲ. ಒತ್ತುವುದನ್ನು ಕಾವಲುಗಾರರಿಗೆ ಕಲಿಸಿರಲಿಲ್ಲವೆಂಬುದು ಮುಂದೆ ನ್ಯಾಯಾಲಯದಲ್ಲಿ ದೊಡ್ಡ ವಾದವಾಯಿತು. ಅವಶೇಷದಡಿಯಿಂದ ಜೀವಂತ ಹೊರತೆಗೆದವರು ಬೆರಳೆಣಿಕೆಯಷ್ಟೇ. ಅವರಲ್ಲೊಬ್ಬ ಹುಡುಗ; ಅವನ ತಾಯಿಯನ್ನೂ ಹೊರಗೆ ತೆಗೆದರು, ಆದರೆ ಆಕೆ ಉಳಿಯಲಿಲ್ಲ. ಪರಗ್ವೆ ದೇಶದಿಂದ ಬಂದಿದ್ದ ಒಂದು ಕುಟುಂಬದ ಜತೆಗೆ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ತರುಣಿಯೂ ಸತ್ತವರಲ್ಲಿ ಸೇರಿದ್ದಳು. ಮಹಾಸಭೆಯಲ್ಲಿ ಮತ ಹಾಕುವ ಹಕ್ಕು ಅವಳಿಗಿರಲಿಲ್ಲ. ಆ ಕಟ್ಟಡದ ಜಗಳ ಅವಳ ಕಿವಿಗೆ ಬಿದ್ದಿರಲೂ ಇಲ್ಲ.

ನಿವಾಸಿಗಳ ಜಗಳದಿಂದಲೇ ಕಟ್ಟಡ ಬಿತ್ತೆಂದರೆ ಅದು ಅನ್ಯಾಯದ ಮಾತಾದೀತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ತನಿಖೆಗಾರರು 2023ರಲ್ಲಿ ಪ್ರಕಟಿಸಿದ ವಿವರಗಳಂತೆ, ಈಜುಕೊಳದ ಸುತ್ತಲಿನ ಚಪ್ಪಡಿಯ ವಿನ್ಯಾಸವೇ ನಿಯಮಗಳಿಗೆ ತಕ್ಕಂತಿರಲಿಲ್ಲ. ಕೆಲವು ಕಡೆ ಇರಬೇಕಾದ ಬಲದ ಅರ್ಧದಷ್ಟೇ ಇತ್ತು. ಅದರ ಮೇಲೆ ಮುಂದೆ ಹೂಕುಂಡಗಳ ಭಾರ, ನೆಲಹಾಸಿನ ಭಾರ ಬಿತ್ತು, ಜತೆಗೆ ತುಕ್ಕು. ಎಂದರೆ ಮನೆ ಕೊಂಡವರು ಕೊಂಡ ದಿನದಿಂದಲೇ ಮೋಸಹೋಗಿದ್ದರು. ಕಾಲಕ್ಕೆ ಸರಿಯಾಗಿ ಕೆಲಸ ಶುರುಮಾಡಿದ್ದರೆ ಆ ನೆಲವನ್ನು ಅಗೆದು ತೆಗೆಯಬೇಕಾಗುತ್ತಿತ್ತು, ಆಗ ಈ ದೌರ್ಬಲ್ಯ ಕಣ್ಣಿಗೆ ಬೀಳುತ್ತಿತ್ತೋ ಏನೋ. ಆ ಅವಕಾಶವನ್ನು ಮೂರು ವರ್ಷಗಳ ಸಭೆಗಳು ತಿಂದುಹಾಕಿದವು.

ನನ್ನ ಅಭಿಪ್ರಾಯದಲ್ಲಿ ತಪ್ಪು ಜನರ ಜಿಪುಣತನದಲ್ಲಿಲ್ಲ. ಚಪ್ಪಡಿಯ ಬಲವೆಂಬುದು ಕೈಯೆತ್ತಿಸಿ ತೀರ್ಮಾನಿಸುವ ವಿಷಯವಲ್ಲ. ಅದನ್ನು ಕಾನೂನು ಕೈಯೆತ್ತುವವರಿಗೆ ಬಿಟ್ಟುಕೊಟ್ಟಿತ್ತು. ಎಂಬತ್ತು ವರ್ಷದ ವಿಧವೆ, ಮನೆಯನ್ನು ಬರುವ ವರ್ಷವೇ ಮಾರಬೇಕೆಂದಿರುವ ವ್ಯಾಪಾರಿ, ಚಿಕ್ಕ ಮಕ್ಕಳ ತಂದೆ ಇವರ ಲೆಕ್ಕಾಚಾರ ಒಂದೇ ಆಗಲು ಹೇಗೆ ಸಾಧ್ಯ? ವಿಧವೆಗೆ ಹದಿನೈದು ವರ್ಷಗಳ ಕಂತು ಎಂದರೆ ತಾನು ನೋಡಲಾರದ ಕಾಲ. ಮಾರುವವನಿಗೆ ಇನ್ನೊಂದು ವರ್ಷ ತಳ್ಳಿದರೆ ಲಾಭ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಯೋಚಿಸಿದ್ದರು.

ಹತ್ತಿರದಲ್ಲಿಯೇ, ಸುಮಾರು ಅದೇ ಕಾಲದಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ನಾರ್ತ್ ಎಂಬ ಇನ್ನೊಂದು ಕಟ್ಟಡವಿದೆ. ಅದರ ನಿವಾಸಿಗಳು ರಿಪೇರಿಯನ್ನು ಆಯಾ ಕಾಲಕ್ಕೆ ಮಾಡಿಸುತ್ತ ಬಂದಿದ್ದರು. ದುರಂತದ ಬಳಿಕ ಪೇಟೆಯ ಅಧಿಕಾರಿಗಳು ಬೇಕಿದ್ದರೆ ಮನೆ ಬಿಡಬಹುದೆಂದಾಗಲೂ ಅವರಲ್ಲಿ ಹೆಚ್ಚಿನವರು ಅಲ್ಲಿಯೇ ಉಳಿದರು.

ಸಾವಿನ ಬಳಿಕದ ನೆರೆಹೊರೆ

ದುರಂತ ನಡೆದ ಮೊದಲ ದಿನಗಳಲ್ಲಿ ಆ ಊರು ಒಂದು ಮನೆಯಂತಾಯಿತು. ಹತ್ತಿರದ ಬೇಲಿಗೆ ಕಾಣೆಯಾದವರ ಭಾವಚಿತ್ರಗಳನ್ನು ಕಟ್ಟಿದರು, ಹೂವಿಟ್ಟರು, ಮಕ್ಕಳ ಆಟಿಗೆಗಳನ್ನಿಟ್ಟರು. ರಬ್ಬಿಗಳು, ಪಾದ್ರಿಗಳು ಒಟ್ಟಿಗೆ ಪ್ರಾರ್ಥಿಸಿದರು. ಇಸ್ರೇಲಿನಿಂದ, ಮೆಕ್ಸಿಕೋದಿಂದ ರಕ್ಷಣಾ ತಂಡಗಳು ಬಂದವು. ಒಂದೇ ಕಾರಿಡಾರಿನಲ್ಲಿ ಇಪ್ಪತ್ತು ವರ್ಷ ಬಾಳಿ ಹೆಸರು ತಿಳಿಯದಿದ್ದವರು ಆಗ ಒಬ್ಬರಿನ್ನೊಬ್ಬರ ಹೆಸರನ್ನು ಬೇಲಿಯ ಮೇಲೆ ಓದಿ ತಿಳಿದರು. ಬೀಳದೆ ಉಳಿದಿದ್ದ ಭಾಗವನ್ನು, ಚಂಡಮಾರುತ ಬರುವ ಭೀತಿಯಿಂದ, ಜುಲೈ 4ರಂದು ಸಿಡಿಮದ್ದಿಟ್ಟು ಕೆಡವಿದರು. ಅಲ್ಲಿದ್ದವರಿಗೆ ಒಳಹೋಗಿ ತಮ್ಮ ಕಾಗದಪತ್ರ, ಮದುವೆಯ ಭಾವಚಿತ್ರ ತರಲೂ ಅವಕಾಶ ಸಿಗಲಿಲ್ಲ.

ಆದರೆ ಈ ಒಗ್ಗಟ್ಟು ನ್ಯಾಯಾಲಯದ ಬಾಗಿಲಿನವರೆಗೆ ಮಾತ್ರ ಬಂತು. ಸಂಘದ ಆಡಳಿತವನ್ನು ನ್ಯಾಯಾಲಯ ನೇಮಿಸಿದ ಅಧಿಕಾರಿ ವಹಿಸಿಕೊಂಡರು. ಆಗ ಎರಡು ಪಕ್ಷಗಳಾದವು. ಬಂಧುಗಳನ್ನು ಕಳೆದುಕೊಂಡವರು ಒಂದು ಕಡೆ, ಜೀವ ಉಳಿದು ಮನೆಯನ್ನು ಮಾತ್ರ ಕಳೆದುಕೊಂಡವರು ಇನ್ನೊಂದು ಕಡೆ. ಆ ರಾಜ್ಯದ ಕಾನೂನಿನಂತೆ ಸಂಘದ ಹೊಣೆಗಾರಿಕೆಯಲ್ಲಿ ಪ್ರತಿಯೊಬ್ಬ ಒಡೆಯನೂ ತನ್ನ ಮನೆಯ ಬೆಲೆಯಷ್ಟರ ಮಟ್ಟಿಗೆ ಪಾಲುದಾರ. ಹಾಗಾದರೆ, ಸಂಘದ ಉದಾಸೀನದಿಂದ ಸಾವುಗಳಾದವೆಂದು ತೀರ್ಪಾದರೆ, ಮನೆ ಕಳೆದುಕೊಂಡವನು ಸತ್ತವರ ಬಂಧುಗಳಿಗೆ ಪರಿಹಾರ ಕೊಡಬೇಕಾದವನೇ ಹೊರತು ಪಡೆಯಬೇಕಾದವನಲ್ಲ. ಜಾಗ ಮಾರಿ ಬರುವ ಹಣ ಯಾರಿಗೆ ಸೇರಬೇಕು? ಕೆಲವು ತಿಂಗಳು ಈ ಪ್ರಶ್ನೆ ದುಃಖಿಗಳನ್ನು ದುಃಖಿಗಳ ಎದುರು ನಿಲ್ಲಿಸಿತು. ಕೊನೆಗೆ 2022ರಲ್ಲಿ ನ್ಯಾಯಾಲಯದ ಒತ್ತಾಯದಿಂದ ಒಪ್ಪಂದವಾಯಿತು. ಮನೆ ಕಳೆದುಕೊಂಡವರಿಗೆಲ್ಲ ಸೇರಿ 9 ಕೋಟಿ 60 ಲಕ್ಷ ಡಾಲರ್. ಸತ್ತವರ ಕುಟುಂಬಗಳಿಗೆ, ಸಂಬಂಧಪಟ್ಟ ಕಂಪೆನಿಗಳು ಮತ್ತು ಅವುಗಳ ವಿಮಾ ಸಂಸ್ಥೆಗಳು ತಪ್ಪೊಪ್ಪಿಕೊಳ್ಳದೆಯೇ ಕೊಟ್ಟ 100 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ. ಅದರಲ್ಲಿ ದೊಡ್ಡ ಪಾಲು ಕಾವಲುಗಾರರನ್ನು ಒದಗಿಸಿದ್ದ ಕಂಪೆನಿಯ ಕಡೆಯಿಂದ ಬಂತು. ಯಾರೂ ಒತ್ತದ ಆ ಗುಂಡಿಗೆ ಬಂದ ಬೆಲೆ ಅದು.

ಜಾಗವನ್ನು ದುಬೈಯ ಒಂದು ಕಟ್ಟಡ ಕಂಪೆನಿ 12 ಕೋಟಿ ಡಾಲರಿಗೆ ಕೊಂಡಿತು. ಸತ್ತ ಸ್ಥಳದಲ್ಲಿಯೇ ಸ್ಮಾರಕವಾಗಬೇಕೆಂದು ಹಲವು ಕುಟುಂಬಗಳು ಕೇಳಿದವು. ಸ್ಮಾರಕಕ್ಕೆ ಗೊತ್ತಾದದ್ದು ಪಕ್ಕದ ರಸ್ತೆಯ ಕೊನೆ.

2022ರಲ್ಲಿಯೇ ಫ್ಲಾರಿಡಾ ಸರಕಾರ ಹೊಸ ಕಾನೂನು ತಂದಿತು. ಮೂರು ಅಥವಾ ಅದಕ್ಕಿಂತ ಹೆಚ್ಚು ಮಹಡಿಗಳ ಹಳೆಯ ಕಟ್ಟಡಗಳು 30 ವರ್ಷವಾದಾಗ, ಕಡಲಿನ ಹತ್ತಿರವಾದರೆ 25 ವರ್ಷವಾದಾಗ, ಎಂಜಿನಿಯರರಿಂದ ತಪಾಸಣೆ ಮಾಡಿಸಬೇಕೆಂದು ಅದು ವಿಧಿಸಿತು. ಕಟ್ಟಡದ ಮುಖ್ಯ ಭಾಗಗಳಿಗೆ ಬೇಕಾದ ಮೀಸಲು ನಿಧಿಯನ್ನು ಬಹುಮತದಿಂದ ಕೈಬಿಡುವಂತಿಲ್ಲ. ನ್ಯಾಯವಾದ ಕಾನೂನು. ಆದರೆ ಇಪ್ಪತ್ತು ಮೂವತ್ತು ವರ್ಷ ಕೂಡಿಡದೆ ಬಿಟ್ಟದ್ದನ್ನು ಒಮ್ಮೆಲೇ ಕೂಡಿಡಿ ಎಂದಾಗ ಪಿಂಚಣಿಯಲ್ಲಿ ಬದುಕುವ ಮುದುಕರ ಗತಿಯೇನು? ತಿಂಗಳ ವಂತಿಗೆ ಏರಿತು, ವಿಶೇಷ ವಂತಿಗೆಗಳು ಬಂದವು, ವಿಮೆಯ ಕಂತೂ ಏರಿತು. ಎಷ್ಟೋ ಜನ ಕಡಲು ಕಾಣುವ ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಒಳನಾಡಿಗೆ ಹೋದರು. ಹಳೆಯ ಕಟ್ಟಡದ ಮನೆಗಳನ್ನೆಲ್ಲ ಒಂದೊಂದಾಗಿ ಕೊಂಡು, ಕೆಡವಿ, ಅದೇ ಜಾಗದಲ್ಲಿ ಶ್ರೀಮಂತರಿಗಾಗಿ ಗೋಪುರವೆಬ್ಬಿಸುವ ಬಂಡವಾಳಗಾರರಿಗೆ ಸುಗ್ಗಿ. ಗದ್ದಲ ಹೆಚ್ಚಾದಾಗ 2025ರಲ್ಲಿ ಕಾನೂನನ್ನು ಸ್ವಲ್ಪ ಸಡಿಲಿಸಿ, ಸಾಲ ತೆಗೆದಾದರೂ ನಿಧಿ ತುಂಬಬಹುದು, ಕೆಲವು ಸಂದರ್ಭಗಳಲ್ಲಿ ಎರಡು ವರ್ಷ ತಡೆಹಿಡಿಯಬಹುದು ಎಂದರು. 98 ಜನರ ಸಾವು ಕಲಿಸಿದ ಪಾಠವೂ ತಿಂಗಳ ವಂತಿಗೆಯ ಎದುರು ನಾಲ್ಕು ವರ್ಷಗಳಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು.

ಹಾಂಗ್‌ಕಾಂಗಿನಲ್ಲಿ ಇನ್ನೊಂದು ಮುಖ

ಸರಕಾರ ಕಡ್ಡಾಯ ಮಾಡಿದರೆ ಸಾಕು ಎನ್ನುವವರು ವಾಂಗ್ ಫುಕ್ ಕೋರ್ಟ್‌ನ ಕಡೆ ನೋಡಬೇಕು. ಹಾಂಗ್‌ಕಾಂಗಿನಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಕಡ್ಡಾಯ ತಪಾಸಣೆಯ ನಿಯಮ ಮೊದಲೇ ಇತ್ತು. ಈ ಸಮುಚ್ಚಯಕ್ಕೆ 2016ರಲ್ಲಿ ನೋಟೀಸು ಬಂತು. ಸುಮಾರು 2,000 ಮನೆಗಳ ಒಡೆಯರು, ಅವರಲ್ಲಿ ಬಹಳಷ್ಟು ವಯಸ್ಸಾದವರು, ಸೇರಿ 33 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೇಲ್ಪಟ್ಟ ಗುತ್ತಿಗೆಗೆ ಹಣ ಕೊಡಬೇಕಾಯಿತು. ಮನೆಯೊಂದಕ್ಕೆ ಬಂದದ್ದು 1 ಲಕ್ಷ 60 ಸಾವಿರದಿಂದ 1 ಲಕ್ಷ 80 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ 17 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಗುತ್ತಿಗೆಯ ಬೆಲೆ ವಿಪರೀತವೆಂದು ಸಿಟ್ಟಾದ ನಿವಾಸಿಗಳು 2024ರಲ್ಲಿ ಹಳೆಯ ಕಮಿಟಿಯನ್ನು ಇಳಿಸಿ ಹೊಸದನ್ನು ಆರಿಸಿದರು. ಅಷ್ಟರಲ್ಲಿ ಕೆಲಸ ಆರಂಭವಾಗಿತ್ತು.

ಕಟ್ಟಡಗಳ ಸುತ್ತ ಬಿದಿರಿನ ಅಟ್ಟಣಿಗೆ, ಅದಕ್ಕೆ ಹಸಿರು ಬಲೆ, ಕಿಟಕಿಗಳಿಗೆ ಫೋಮಿನ ಹಲಗೆ. ಬಲೆ ಬೆಂಕಿ ತಡೆಯುವಂಥದೇ ಎಂದು ನಿವಾಸಿಗಳು 2024ರಲ್ಲಿಯೇ ಸರಕಾರಿ ಇಲಾಖೆಗೆ ದೂರಿತ್ತಿದ್ದರು. ಬೆಂಕಿಯ ಅಪಾಯ ಹೆಚ್ಚೇನೂ ಇಲ್ಲವೆಂಬ ಉತ್ತರ ಬಂದಿತ್ತು. ಅನಾಹುತದ ಬಳಿಕ ಪರೀಕ್ಷಿಸಿದಾಗ ಬಲೆಯ ಕೆಲವು ಮಾದರಿಗಳು ಗುಣಮಟ್ಟಕ್ಕೆ ತಕ್ಕಂತಿರಲಿಲ್ಲವೆಂದು ಕಂಡುಬಂತು. ಬೆಂಕಿ ಹತ್ತಿದಾಗ ಅಪಾಯದ ಗಂಟೆಗಳು ಸರಿಯಾಗಿ ಮೊಳಗಲಿಲ್ಲ. ಫೋಮು ಮುಚ್ಚಿದ ಕಿಟಕಿಯೊಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮುದುಕರಿಗೆ ಹೊರಗಿನ ಉರಿ ಕಾಣಿಸಲೂ ಇಲ್ಲ. ಅಲ್ಲಿಯೂ ಸತ್ತವರಲ್ಲಿ ಇಂಡೊನೇಷ್ಯದಿಂದ ಮನೆಗೆಲಸಕ್ಕೆ ಬಂದ ಹೆಣ್ಣುಮಕ್ಕಳಿದ್ದರು.

ಸರ್ಫ್‌ಸೈಡಿನವರು ಹಣ ಕೊಡಲು ಹಿಂದೆಗೆದರು, ಇವರು ಕೊಟ್ಟರು. ಸರ್ಫ್‌ಸೈಡಿನವರು ಎಚ್ಚರಿಕೆಯನ್ನು ಕೇಳಿಸಿಕೊಳ್ಳಲಿಲ್ಲ. ಇವರು ತಾವೇ ಎಚ್ಚರಿಕೆ ಕೊಟ್ಟರು. ಆದುದರಿಂದ ನಿವಾಸಿಗಳೆಲ್ಲ ಒಗ್ಗಟ್ಟಾಗಿದ್ದರೆ ಎಲ್ಲವೂ ಸರಿಹೋಗುತ್ತದೆಂಬ ಉಪದೇಶ ಇಲ್ಲಿ ನಡೆಯದು. ಚಪ್ಪಡಿಯನ್ನೋ ಬಲೆಯನ್ನೋ ಪರೀಕ್ಷಿಸುವ ಕಣ್ಣು ನಿವಾಸಿಗಳದ್ದಲ್ಲ. ಅದು ಎಂಜಿನಿಯರನದು, ಅಧಿಕಾರಿಯದು. ಒಂದು ಕಡೆ ಅಧಿಕಾರಿ ಎಲ್ಲ ಸರಿಯಿದೆ ಎಂದ, ಇನ್ನೊಂದು ಕಡೆ ಅಪಾಯ ಕಡಿಮೆ ಎಂದ. ಗುತ್ತಿಗೆದಾರರ, ಸಲಹೆಗಾರರ ಬಂಧನಗಳು ಬಳಿಕ ಆದವು, ಭ್ರಷ್ಟಾಚಾರದ ತನಿಖೆಯೂ ಆರಂಭವಾಯಿತು.

ನಮ್ಮ ಕಡೆಗೆ

ಇದೆಲ್ಲ ದೂರದ ಊರಿನ ಮಾತೆಂದು ಬಿಡುವಂತಿಲ್ಲ. ಕೇರಳದಲ್ಲಿಯೇ ಕೊಚ್ಚಿಯ ಮರಡು ಎಂಬಲ್ಲಿ ಕರಾವಳಿ ನಿಯಮ ಮೀರಿ ಕಟ್ಟಿದ ನಾಲ್ಕು ಫ್ಲಾಟು ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸಿಡಿಮದ್ದಿಟ್ಟು ಕೆಡವಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ಅನುಮತಿ ಕೊಟ್ಟವರ ತಪ್ಪಿಗೆ ಮನೆ ಬಿಟ್ಟವರು ಕೊಂಡವರು. 2019ರ ಸೆಪ್ಟೆಂಬರಿನಲ್ಲಿ ಅವರ ಕರೆಂಟು, ನೀರು ಕಡಿದರು. ಕೋರ್ಟು ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಗೊತ್ತುಮಾಡಿತು. ಹತ್ತಿರದ ಸಣ್ಣ ಮನೆಗಳವರು, ಆ ಗೋಪುರಗಳ ಸುಖದಲ್ಲಿ ಯಾವ ಪಾಲೂ ಇಲ್ಲದವರು, ತಮ್ಮ ಗೋಡೆಗಳು ಬಿರುಕು ಬಿಟ್ಟವೆಂದು, ಧೂಳು ತುಂಬಿತೆಂದು ದೂರಿದ್ದನ್ನು ಸಿಡಿತದ ಸದ್ದಿನಲ್ಲಿ ಬಹಳ ಜನ ಗಮನಿಸಲಿಲ್ಲ.

ಅದೇ ಕೊಚ್ಚಿಯಲ್ಲಿ ಸೈನಿಕರಿಗಾಗಿ, ನಿವೃತ್ತ ಸೈನಿಕರಿಗಾಗಿ ಸೇನೆಯ ವಸತಿ ಸಂಸ್ಥೆ 2018ರಲ್ಲಿ ಮುಗಿಸಿದ ಚಂದರ್ ಕುಂಜ್ ಗೋಪುರಗಳ ಪೈಕಿ ಎರಡನ್ನು ಕೆಡವಿ ಮರಳಿ ಕಟ್ಟಬೇಕೆಂದು ಕೇರಳ ಹೈಕೋರ್ಟು 2025ರ ಫೆಬ್ರವರಿಯಲ್ಲಿ ಆದೇಶಿಸಿತು. ಕಟ್ಟಿ ಹತ್ತು ವರ್ಷವೂ ಆಗದ ಕಟ್ಟಡದಲ್ಲಿ ಕಾಂಕ್ರೀಟು ಕಳಚಿ ಬೀಳುತ್ತಿತ್ತು. ದಿಲ್ಲಿಯ ಪಕ್ಕದ ಗುರುಗ್ರಾಮದಲ್ಲಿ 2022ರ ಫೆಬ್ರವರಿ 10ರಂದು ಚಿಂಟೆಲ್ಸ್ ಪ್ಯಾರಡೈಸೊ ಎಂಬ ಸಮುಚ್ಚಯದ ಆರನೆಯ ಮಹಡಿಯ ಒಂದು ಮನೆಯ ನೆಲ ಕಳಚಿ ಕೆಳಕೆಳಗಿನ ಮನೆಗಳನ್ನು ಸೀಳಿಕೊಂಡು ಹೋಗಿ ಇಬ್ಬರು ಮಹಿಳೆಯರು ಸತ್ತರು. ಕಾಂಕ್ರೀಟಿನಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡು ಇತ್ತೆಂದು ಬಳಿಕ ತಜ್ಞರು ಹೇಳಿದರು. ಅಲ್ಲಿ ಕಡಲಿನ ಉಪ್ಪುಗಾಳಿಯೂ ಇಲ್ಲ.

ನಮ್ಮ ಜಿಲ್ಲೆಯ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಫ್ಲಾಟು ಕೊಳ್ಳದ ಮನೆ ಈಗ ಕಡಿಮೆ. ತೋಟವನ್ನು ನೋಡಿಕೊಳ್ಳಲು ಜನವಿಲ್ಲದೆ ತಂದೆತಾಯಿಯರೂ ಅಲ್ಲಿಗೆ ಹೋಗಿ ಸೇರುತ್ತಿದ್ದಾರೆ. ಊರಿನಲ್ಲಿದ್ದಾಗ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿಸಿ ಒಡೆದ ಹಂಚು ಬದಲಾಯಿಸುವುದನ್ನು ಯಾರೂ ಅವರಿಗೆ ಜ್ಞಾಪಿಸಬೇಕಾಗಿರಲಿಲ್ಲ. ಮಳೆ ಮುಗಿದು ತೊರೆಗೆ ಕಟ್ಟ ಕಟ್ಟುವ ಊರುಗಳಲ್ಲಿ, ಯಾರ ತೋಟಕ್ಕೆ ಎಷ್ಟು ನೀರು ಬರುತ್ತದೆಂದು ನೋಡಿ ಅವರವರ ಪಾಲಿನ ಆಳು ಅಥವಾ ಹಣ ಕೊಡುವ ಪದ್ಧತಿಯೂ ಹೊಸತಲ್ಲ. ಕಟ್ಟ ಪ್ರತಿ ವರ್ಷ ಮಳೆಗೆ ಕೊಚ್ಚಿಹೋಗುತ್ತದೆ, ಆದುದರಿಂದ ಯಾರೂ ಅದನ್ನು ಮರೆಯಲಾರರು. ಕಾಂಕ್ರೀಟಿನದ್ದೇ ತೊಂದರೆ. ಅದು ಮೂವತ್ತು ವರ್ಷ ಏನೂ ಆಗದಂತೆ ನಿಂತಿರುತ್ತದೆ.

ಈಚೆಗೆ ಪರಿಚಿತರೊಬ್ಬರು ಮಂಗಳೂರಿನ ಮಗನ ಫ್ಲಾಟಿನಿಂದ ಬಂದವರು ತಮ್ಮ ಸಂಘದ ವಾರ್ಷಿಕ ಸಭೆಯ ಸುದ್ದಿ ಹೇಳಿದರು. ಎರಡು ಗಂಟೆಯ ಸಭೆಯಲ್ಲಿ ಒಂದೂವರೆ ಗಂಟೆ ಗೇಟಿನ ಬಣ್ಣಕ್ಕೆ ಮತ್ತು ಕಾರು ನಿಲ್ಲಿಸುವ ಜಾಗಕ್ಕೆ ಹೋಯಿತಂತೆ. ತಾರಸಿಯ ನೀರುತಡೆಯ ವಿಷಯ ಬಂದಾಗ ಮುಂದಿನ ವರ್ಷ ನೋಡೋಣ ಎಂದು ಎಲ್ಲರೂ ಎದ್ದರಂತೆ. ಅವರು ನಗುತ್ತಲೇ ಹೇಳಿದರು, ನಾನೂ ನಕ್ಕೆ.

2016ರ ಕೇಂದ್ರ ಸರಕಾರದ ರಿಯಲ್ ಎಸ್ಟೇಟು ಕಾಯಿದೆಯಂತೆ ಕಟ್ಟಡದ ರಚನೆಯ ದೋಷಗಳಿಗೆ ಕಟ್ಟಿದವನು ಹೊಣೆಯಾಗಿರುವುದು ಮನೆ ಒಪ್ಪಿಸಿದ ದಿನದಿಂದ ಐದು ವರ್ಷ. ಆಮೇಲಿನದು ಸಂಘದ ಪಾಲಿಗೆ. ಮನೆ ಕೊಳ್ಳುವಾಗ ನಾವು ಚದರಡಿಗೆ ಎಷ್ಟು, ಪೂರ್ವಕ್ಕೆ ಬಾಗಿಲಿದೆಯೇ, ಶಾಲೆ ಹತ್ತಿರವೇ ಎಂದು ಕೇಳುತ್ತೇವೆ. ಸಂಘದ ಮೂಲನಿಧಿಯಲ್ಲಿ ಎಷ್ಟಿದೆ, ಕಳೆದ ಐದು ವರ್ಷಗಳ ಸಭೆಯ ನಡವಳಿ ಎಲ್ಲಿದೆ, ಕೊನೆಯ ಸಲ ಎಂಜಿನಿಯರು ಕೆಳಗಿಳಿದು ಕಂಬಗಳನ್ನು ನೋಡಿದ್ದು ಯಾವಾಗ ಎಂದು ಕೇಳುವ ರೂಢಿ ಇನ್ನೂ ಬಂದಿಲ್ಲ. ಆ ಪರಿಚಿತರಿಗೆ ಇಷ್ಟನ್ನು ಹೇಳಿದಾಗ ಅವರು ನಗು ನಿಲ್ಲಿಸಿ, ಮುಂದಿನ ಸಭೆ ಯಾವ ತಿಂಗಳಲ್ಲಿ ಎಂದು ಮಗನಿಗೆ ಫೋನು ಮಾಡಿ ಕೇಳುತ್ತೇನೆಂದರು.